ಎಲೆಮಿತಿ ಮೀಮಾಂಸೆ

ಪೀಠಿಕೆ

ಮದುವೆ ಗೊತ್ತಾದ ಮನೆಯಲ್ಲಿ ಏಳುವ ಮೊದಲ ಪ್ರಶ್ನೆ 'ಛತ್ರ ಸಿಕ್ಕಿತೇ?' ಎಂಬುದು. ಎರಡನೆಯದು 'ಎಷ್ಟು ಎಲೆ?' ಎಂಬುದು. ಮೊದಲನೆಯದಕ್ಕೆ ಅಡ್ವಾನ್ಸ್ ಕೊಟ್ಟೊಡನೆ ಉತ್ತರ ಸಿಗುತ್ತದೆ. ಎರಡನೆಯದಕ್ಕೆ ಉತ್ತರ ಸಿಗುವುದು ಕೊನೆಯ ಪಂಕ್ತಿ ಎದ್ದ ಮೇಲೆ. ಮೊದಲೇ ಹೇಳಬೇಕಾದ, ಕೊನೆಯವರೆಗೂ ತಿಳಿಯದ ಈ ಸಂಖ್ಯೆಗೆ ನಮ್ಮ ಅರವತ್ನಾಲ್ಕು ವಿದ್ಯೆಗಳಲ್ಲಿ ಜಾಗವಿಲ್ಲ. ಆ ಕೊರತೆಯನ್ನು ತುಂಬುವುದು ಈ ಗ್ರಂಥದ ಪ್ರಯೋಜನ. ಮಕ್ಕಳ ಮದುವೆ ಇಟ್ಟುಕೊಂಡವರು ಇದರ ಅಧಿಕಾರಿಗಳು. ಉಂಡು ಹೋಗುವವರಿಗೆ ಇದು ನಿಷಿದ್ಧ.

ಮಿತಿ ಪ್ರಕರಣ

ಮಿತಿ ನಾಲ್ಕು ವಿಧ: ರಾಜಮಿತಿ, ಸ್ಥಲಮಿತಿ, ಪಂಕ್ತಿಮಿತಿ, ಪಾಕಮಿತಿ.

ರಾಜಮಿತಿ ಎಂದರೆ ಸರಕಾರ ಹಾಕಿದ್ದು. 2020ರ ಮೇ ತಿಂಗಳಲ್ಲಿ ಕೇಂದ್ರ ಸರಕಾರ ಮದುವೆಗೆ 50 ಜನ, ಅಂತ್ಯಕ್ರಿಯೆಗೆ 20 ಜನ ಎಂದು ಗೆರೆ ಎಳೆಯಿತು. ಅದಕ್ಕೂ ಮುಂಚೆ, 2017ರಲ್ಲಿ, ಜಮ್ಮು ಮತ್ತು ಕಾಶ್ಮೀರ ಸರಕಾರ ದುಂದುವೆಚ್ಚ ತಡೆಯಲು ಮಗಳ ಮದುವೆಗೆ 500, ಮಗನ ಮದುವೆಗೆ 400 ಅತಿಥಿಗಳು ಎಂದು ಆದೇಶ ಹೊರಡಿಸಿತ್ತು. ರಾಜಮಿತಿಯ ವಿಶೇಷ ಗುಣವೆಂದರೆ ಮುನಿಸಿಗೆ ಎಡೆಯಿಲ್ಲದಿರುವುದು. 'ನಾವು ಕರೀಬೇಕು ಅಂತಲೇ ಇದ್ವಿ, ರೂಲ್ಸು ಬಿಡಲಿಲ್ಲ' ಎಂಬ ಒಂದು ಮಾತು ಮೂರು ತಲೆಮಾರಿನ ದಾಯಾದಿಗಳನ್ನು ಸಮಾಧಾನಪಡಿಸಬಲ್ಲದು.

ಸ್ಥಲಮಿತಿಯನ್ನು ಹೇಳುವವನು ಛತ್ರದ ಮ್ಯಾನೇಜರು. 'ಸಾವಿರ ಜನ ಆರಾಮಾಗಿ ಹಿಡೀತಾರೆ ಸಾರ್' ಎಂಬುದು ಆತನ ಸೂತ್ರವಾಕ್ಯ. ಎಲ್ಲಿ ಹಿಡಿಯುತ್ತಾರೆ ಎಂಬುದನ್ನು ಸೂತ್ರ ಹೇಳುವುದಿಲ್ಲ. ಅದಕ್ಕೆ ಭಾಷ್ಯ ಬೇಕು. ರಾಷ್ಟ್ರೀಯ ಕಟ್ಟಡ ಸಂಹಿತೆಯ 2005ರ ಆವೃತ್ತಿ, ಆಸನ ಹಾಕಿದ ಸಭಾಂಗಣದಲ್ಲಿ ತಲೆಗೆ 0.6 ಚದರ ಮೀಟರ್, ಊಟದ ಹಾಲಿನಲ್ಲಿ 1.5 ಚದರ ಮೀಟರ್ ಎಂದು ಲೆಕ್ಕ ಹಿಡಿದಿತ್ತು. ಅಂದರೆ ಉಣ್ಣುವ ಮನುಷ್ಯ ಧಾರೆ ನೋಡುವ ಮನುಷ್ಯನ ಎರಡೂವರೆ ಪಟ್ಟು. ಮೇಲಿನ ಹಾಲಿನಲ್ಲಿ ಅಕ್ಷತೆ ಹಾಕಿದ ಸಾವಿರ ಜನ ಅಷ್ಟೇ ಅಗಲದ ಕೆಳಗಿನ ಹಾಲಿಗೆ ಇಳಿದರೆ ನಾನೂರು ಜನರಿಗಷ್ಟೇ ಜಾಗ. ಉಳಿದ ಆರುನೂರು ಮಂದಿ ಮೆಟ್ಟಿಲ ಮೇಲೆ ನಿಂತು ಸಂಬಂಧಗಳನ್ನು ಪತ್ತೆ ಹಚ್ಚುತ್ತಾರೆ.

ಇಲ್ಲಿಂದ ಹುಟ್ಟುವುದೇ ಪಂಕ್ತಿಮಿತಿ. ಜಾಗ ಸಾಲದೆ ಹೋದಾಗ ನಮ್ಮ ಹಿರಿಯರು ಗೋಡೆ ಒಡೆಯಲಿಲ್ಲ, ಹೊತ್ತನ್ನು ಹಂಚಿದರು. ಮೊದಲ ಪಂಕ್ತಿ ಆತುರದವರಿಗೆ, ನಡುವಿನದು ಬೀಗರಿಗೆ, ಕೊನೆಯದು ಮನೆಯವರಿಗೆ. ಈ ವ್ಯವಸ್ಥೆ ಕೆಡುವುದು ಎರಡನೆಯ ಪಂಕ್ತಿಯಲ್ಲಿ. ಉಣ್ಣುವವನ ಕುರ್ಚಿಯ ಬೆನ್ನಿಗೆ ಒಂದು ಕೈ ಊರಿ, ಇನ್ನೊಂದು ಕೈಯಲ್ಲಿ ಮಗು ಹಿಡಿದು, ಎಲೆಯತ್ತ ಬಗ್ಗಿ ನೋಡುತ್ತ ಒಬ್ಬರು ನಿಂತಿರುತ್ತಾರೆ. ಎಲೆಗೆ ಮಜ್ಜಿಗೆ ಬಿತ್ತೇ ಎಂಬುದೊಂದೇ ಅವರ ಲಕ್ಷ್ಯ. ಉಣ್ಣುವವನು ಇನ್ನೊಂದು ಸೌಟು ಸಾರು ಕೇಳಿದರೆ ಬೆನ್ನ ಹಿಂದೆ ನಿಟ್ಟುಸಿರು ಕೇಳಿಸುತ್ತದೆ.

ನಾಲ್ಕನೆಯದಾದ ಪಾಕಮಿತಿಯನ್ನು ಸಿದ್ಧಾಂತದಲ್ಲಿ ನೋಡೋಣ.

ಅತಿಥಿ ಪ್ರಕರಣ

ಅತಿಥಿಗಳು ಐದು ವಿಧ.

ನಿಯತ: ಬರುತ್ತೇನೆಂದು ಹೇಳಿ, ಹೇಳಿದಷ್ಟೇ ಜನ ಬರುವವನು. ಗ್ರಂಥಗಳಲ್ಲಿ ಮಾತ್ರ ಕಾಣಸಿಗುತ್ತಾನೆ.

ಗುಣಿತ: ಲಗ್ನಪತ್ರಿಕೆಯ 'ಸಕುಟುಂಬ ಸಪರಿವಾರ'ವನ್ನು ಅಕ್ಷರಶಃ ಪಾಲಿಸುವವನು. ಟೆಂಪೋ ಟ್ರಾವೆಲರ್ ಛತ್ರದ ಮುಂದೆ ನಿಂತಾಗ ಈತನ ಗುಣಕ ತಿಳಿಯುತ್ತದೆ.

ಬಹುಮುಹೂರ್ತ: ಒಳ್ಳೆಯ ಲಗ್ನವಿರುವ ಭಾನುವಾರ ಮೂರು ಮದುವೆಗೆ ಹೋಗಬೇಕಾದವನು. ಈತನ ಊಟ ಎಲ್ಲಿ ಎಂಬುದನ್ನು ಬೆಂಗಳೂರಿನ ಟ್ರಾಫಿಕ್ಕು ನಿರ್ಧರಿಸುತ್ತದೆ.

ಮುಖದರ್ಶಿ: ಆರತಕ್ಷತೆಗೆ ಬಂದು, ಮುಯ್ಯಿಯ ಕವರು ಕೊಟ್ಟು, ಫೋಟೋಗೆ ನಿಂತು, 'ಮನೇಲಿ ಕಾಯ್ತಾರೆ' ಎಂದು ಹೊರಡುವವನು. ಸಾಲಿನಲ್ಲಿ ಜಾಗ ಹಿಡಿಯುತ್ತಾನೆ, ಎಲೆ ಮುಟ್ಟುವುದಿಲ್ಲ. ಅಡುಗೆಯವರ ಪಾಲಿಗೆ ದೇವರು.

ಅನಾಹೂತ: ಕರೆಯದೆ ಬಂದವನು. ಸರ್ವಜ್ಞ ಈತನಿಗೆ ವಿಧಿಸಿದ ಶಿಕ್ಷೆ ಪಾದರಕ್ಷೆಗೆ ಸಂಬಂಧಪಟ್ಟದ್ದು. ಆದರೆ ಹೆಣ್ಣಿನ ಕಡೆಯವರು ಈತನನ್ನು ಬೀಗರವನೆಂದೂ, ಬೀಗರು ಹೆಣ್ಣಿನ ಕಡೆಯವನೆಂದೂ ತಿಳಿದು ಇಬ್ಬರೂ ಉಪಚರಿಸುವುದರಿಂದ ಶಿಕ್ಷೆ ಜಾರಿಯಾಗುವುದಿಲ್ಲ.

ಪೂರ್ವಪಕ್ಷ

ನವೀನರು ಆಕ್ಷೇಪಿಸುತ್ತಾರೆ: ವಾಟ್ಸಾಪಿನಲ್ಲಿ ಒಂದು ಲಿಂಕು ಕಳಿಸಿ, ಬರುವವರು ಹೆಸರು ನೋಂದಾಯಿಸಲಿ, ಸಂಖ್ಯೆ ತುಂಬಿದೊಡನೆ ಬಾಗಿಲು ಮುಚ್ಚಲಿ. ಅಮೆರಿಕದ ಕನ್ನಡ ಕೂಟಗಳು ಯುಗಾದಿ ಊಟಕ್ಕೆ ಹೀಗೆಯೇ ಮಾಡುವುದಿಲ್ಲವೇ?

ಮಾಡುತ್ತವೆ. ಅಲ್ಲಿ ಹಾಲಿನ ಗೋಡೆಯ ಮೇಲೆಯೇ ಇಷ್ಟು ಜನಕ್ಕಿಂತ ಹೆಚ್ಚಿಲ್ಲ ಎಂಬ ಫಲಕವಿರುತ್ತದೆ. ಮೇಜು ಕುರ್ಚಿ ಹಾಕಿದರೆ ತಲೆಗೆ 15 ಚದರ ಅಡಿ, ಬರೀ ಕುರ್ಚಿಯಾದರೆ 7 ಎಂಬುದು ಅಲ್ಲಿನ ಕಟ್ಟಡ ಸಂಹಿತೆಯ ಲೆಕ್ಕ. ಅಲ್ಲಿ ಊಟಕ್ಕೆ ಟಿಕೆಟ್ಟಿದೆ, ಇಲ್ಲಿ ಕರೆಯೋಲೆ. ಕುಂಕುಮ ಕೊಟ್ಟು ಕರೆದು ಬಂದ ಮೇಲೆ 'ಬರ್ತೀರೋ ಇಲ್ಲವೋ ಬುಧವಾರದೊಳಗೆ ತಿಳಿಸಿ' ಎಂದರೆ, ಅತ್ತೆ 'ಬರಬೇಡಿ ಅಂತ ನೇರವಾಗೇ ಹೇಳಬಹುದಿತ್ತು' ಎನ್ನುತ್ತಾರೆ. ಆಮೇಲೆ ಎಂಟು ಜನರೊಂದಿಗೆ ಬರುತ್ತಾರೆ. 'ಖಂಡಿತ ಬರ್ತೀವಿ' ಎಂಬುದು ನಮ್ಮಲ್ಲಿ ಶಿಷ್ಟಾಚಾರವೇ ಹೊರತು ಸಂಖ್ಯೆಯಲ್ಲ. ಆದ್ದರಿಂದ ಬಾಗಿಲಲ್ಲಿ ಹಾಕುವ ಮಿತಿ ನಿಲ್ಲುವುದಿಲ್ಲ.

ಸಿದ್ಧಾಂತ

ಮಿತಿ ನಿಲ್ಲುವುದು ಒಲೆಯ ಬಳಿ. ಪದಾರ್ಥಗಳು ಎರಡು ಜಾತಿ: ಹಿಗ್ಗುವವು ಮತ್ತು ಎಣಿಕೆಯವು. ಸಾರು, ಹುಳಿ, ಪಾಯಸ, ಮಜ್ಜಿಗೆ ಹಿಗ್ಗುತ್ತವೆ. ಅಕ್ಕಿ ತೊಳೆದಿಟ್ಟಿದ್ದರೆ ಅನ್ನ ಪಂಕ್ತಿ ಪಂಕ್ತಿಗೂ ಬೇಯುತ್ತದೆ. ಹೋಳಿಗೆ, ಜಹಾಂಗೀರು, ವಡೆ ಹಿಗ್ಗುವುದಿಲ್ಲ; ಆರುನೂರು ತಟ್ಟಿದ್ದು ಆರುನೂರೇ. ಯಾವ ಮದುವೆಯಲ್ಲೂ 'ಸಾರು ಸಾಲಲಿಲ್ಲ' ಎಂಬ ಅಪಕೀರ್ತಿ ಬಂದದ್ದಿಲ್ಲ; 'ಹೋಳಿಗೆ ನಮ್ಮ ಪಂಕ್ತಿಗೆ ಬರಲೇ ಇಲ್ಲ' ಎಂಬುದು ಮೊಮ್ಮಕ್ಕಳ ಕಾಲದವರೆಗೂ ಉಳಿಯುತ್ತದೆ. ಆದ್ದರಿಂದ ಛತ್ರದ ನಿಜವಾದ ಮಿತಿ ಅದರ ಕುರ್ಚಿಯಲ್ಲಿಲ್ಲ, ಅದರ ಹೋಳಿಗೆಯಲ್ಲಿದೆ.

ಇದರಿಂದ ವಿಧಿಗಳು: ಎಣಿಕೆಯ ಸಿಹಿ ಒಂದೇ ಇರಲಿ, ಎರಡನೆಯದು ಪಾಯಸವಾಗಲಿ. ಹೋಳಿಗೆ ಮೊದಲ ಸುತ್ತಿಗೆ ಒಂದೊಂದೇ. ಎರಡನೆಯದನ್ನು ಬಡಿಸುವವನು ಕೇಳದಿರಲಿ, ಉಣ್ಣುವವನು ಕೇಳಲಿ. ಅಡುಗೆ ಭಟ್ಟರಿಗೆ ಕಡಿಮೆ ಎಲೆ ಹೇಳಿ, ಮೇಲೆ ಬಿದ್ದದ್ದಕ್ಕೆ ಎಲೆಗಿಷ್ಟು ಎಂದು ಮೊದಲೇ ಮಾತಾಡಿಕೊಳ್ಳಿ. ಹೆಚ್ಚು ಹೇಳಿದರೆ ಬಾರದವರ ಊಟಕ್ಕೂ ದುಡ್ಡು ತೆರಬೇಕು. ಪಂಕ್ತಿಗೊಮ್ಮೆ ಎಲೆ ಎಣಿಸಲು ಚೀಟಿ ಪೆನ್ನು ಕೊಟ್ಟು ಸೋದರಮಾವನನ್ನು ನಿಲ್ಲಿಸಿ. ಇಲ್ಲವಾದರೆ ಭಟ್ಟರ ಲೆಕ್ಕವೇ ಪ್ರಮಾಣ.

ಫಲಶ್ರುತಿ

ಛತ್ರಕ್ಕೆ ಅಡ್ವಾನ್ಸ್ ಕೊಡುವ ಮೊದಲು ಇದನ್ನು ಒಮ್ಮೆ ಓದಿದವರಿಗೆ ಹೋಳಿಗೆ ಸಾಲದ ದೋಷ ತಗಲುವುದಿಲ್ಲ. ಎರಡು ಸಲ ಓದಿದವರಿಗೆ ಉಳಿದ ಅನ್ನ ಯಾರಿಗೆ ಕೊಡುವುದೆಂಬ ರಾತ್ರಿಯ ಚಿಂತೆ ಇರುವುದಿಲ್ಲ. ಮೂರು ಸಲ ಓದಿದವರು, 1966ರಲ್ಲಿ ಕುವೆಂಪು ತಮ್ಮ ಮಗ ತೇಜಸ್ವಿಗೆ ಮಾಡಿಸಿದ ಹಾಗೆ, ಆಡಂಬರವಿಲ್ಲದ ಮಂತ್ರಮಾಂಗಲ್ಯದ ಮದುವೆ ಮಾಡಿಸುತ್ತಾರೆ. ಆದರೆ ಬೀಗರು ಒಂದು ಸಲವೂ ಓದಿರುವುದಿಲ್ಲವಾದ್ದರಿಂದ ಈ ಮೂರನೆಯ ಫಲ ದುರ್ಲಭ.