ಸ್ಟ್ಯಾಂಡ್ ಇಲ್ಲದ ಸೈಕಲ್ಲು

ಎದುರುಮನೆಯ ಸೈಕಲ್ ರಾಯರು ಗ್ರಾಮಿನ ಲೆಕ್ಕದ ಮನುಷ್ಯ. ಸೀಟಿನ ಕೆಳಗಿನ ಕಂಬಿ ಬದಲಾಯಿಸಿ 80 ಗ್ರಾಂ ಇಳಿಸಿದ್ದನ್ನು ಬೀದಿಯಲ್ಲಿ ಒಂದು ವಾರ ಹೇಳಿಕೊಂಡು ಓಡಾಡಿದರು. ಅದೇ ಹುಮ್ಮಸ್ಸಿನಲ್ಲಿ ಸ್ಟ್ಯಾಂಡನ್ನೂ ಬಿಚ್ಚಿಸಿಬಿಟ್ಟರು. ಸ್ಟ್ಯಾಂಡಿಲ್ಲದ ಸೈಕಲ್ಲಿಗೆ ಗೋಡೆ ಬೇಕು, ಗೋಡೆಯಿಲ್ಲದ ಕಡೆ ನೆರೆಯವರು ಬೇಕು. ಹೀಗಾಗಿ ಅವರು ಊರು ಬಿಟ್ಟ ದಿನ ನಾನು ರೈಲ್ವೆ ಸ್ಟೇಷನ್ನಿನಲ್ಲಿದ್ದೆ.

ಕಾರವಾರಕ್ಕೆ ರೈಲು, ಅಲ್ಲಿಂದ ಕಡಲ ಪಕ್ಕ ತುಳಿದುಕೊಂಡು ಮಂಗಳೂರು, ಸುಮಾರು 270 ಕಿಲೋಮೀಟರ್. "ಇಲ್ಲಿಂದಲೇ ತುಳಿಯಬಹುದಿತ್ತಲ್ಲ, ಶಿರಾಡಿ ಘಾಟಿ ಹೇಗೂ ಇಳಿಜಾರು," ಅಂದೆ. ಅವರು ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ.

ಸೈಕಲ್ಲಿನ ಮುಂದೆ ಎರಡು ಚೀಲ, ಹಿಂದೆ ಎರಡು ಚೀಲ, ಮೇಲೆ ಟೆಂಟು. ಚೀಲಗಳೊಳಗೆ ಮನೆಯವರು ತುರುಕಿದ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಒಂದು ಡಬ್ಬಿ ಚಕ್ಕುಲಿ. 80 ಗ್ರಾಂ ಉಳಿಸಿದ ಗಾಡಿಯ ಮೇಲೆ 22 ಕಿಲೊ!

ಪಾರ್ಸೆಲ್ ಆಫೀಸಿನಲ್ಲಿ ರಾಯರು ಬಾಯಿಲೆಕ್ಕ ಒಪ್ಪಿಸಿದರು. "ಸ್ಲೀಪರ್ ಟಿಕೆಟ್ಟಿಗೆ 40 ಕಿಲೊ ಫ್ರೀ. ಸೈಕಲ್ 13, ಚೀಲ 22. ಇನ್ನೂ 5 ಕಿಲೊ ನನಗೇ ಬಾಕಿ."

"ಸೈಕಲ್ಲು ಆ ಫ್ರೀಯಲ್ಲಿ ಬರಲ್ಲ ಸಾರ್," ಅಂದರು ಗುಮಾಸ್ತರು. "ಬೆಲೆ ಎಷ್ಟು ಅಂತ ಬರೀಲಿ?"

ಇಲ್ಲಿ ರಾಯರ ಗಂಟಲು ಕಟ್ಟಿತು. ಮನೆಯಲ್ಲಿ ಹೇಳಿರುವುದು 18 ಸಾವಿರ. ಕಿಟಕಿಯೊಳಗೆ ತಲೆ ತೂರಿಸಿ ಏನೋ ಪಿಸುಗುಟ್ಟಿದರು.

"ಒಂದೂಕಾಲು ಲಕ್ಷಾನಾ?" ಗುಮಾಸ್ತರ ದನಿ ಪ್ಲಾಟ್‌ಫಾರಂ ಮುಟ್ಟಿತು. ಎದ್ದು ನಿಂತು ಸೈಕಲ್ಲನ್ನು ಮೇಲಿಂದ ಕೆಳಗೆ ನೋಡಿದರು. "ಅಷ್ಟು ಕೊಟ್ರೂ ಒಂದು ಸ್ಟ್ಯಾಂಡ್ ಹಾಕ್ಕೊಡ್ಲಿಲ್ವಾ?"

ನಾನು, ಅಂದರೆ ಸ್ಟ್ಯಾಂಡು, ಸುಮ್ಮನೆ ನಿಂತಿದ್ದೆ.

ಗೋಣಿತಟ್ಟು ಸುತ್ತಲು ಪೆಡಲ್ ಬಿಚ್ಚಬೇಕು. ಎಡಗಡೆಯ ಪೆಡಲ್ಲಿನ ಥ್ರೆಡ್ಡು ಉಲ್ಟಾ, ಉಳಿದ ನಟ್ಟುಗಳಂತೆ ತಿರುಗಿಸಿದರೆ ಬಿಚ್ಚುವ ಬದಲು ಬಿಗಿಯುತ್ತದೆ ಎಂದು ರಾಯರು ಅರ್ಧ ಗಂಟೆ ಪಾಠ ಮಾಡಿದರು. ಅದಲುಬದಲಾದರೆ ಅನಾಹುತ ಎಂದು ಎಡದ್ದನ್ನು ನನ್ನ ಜುಬ್ಬಾದ ಎಡ ಜೇಬಿಗೆ, ಬಲದ್ದನ್ನು ಬಲ ಜೇಬಿಗೆ ತಾವೇ ಇಳಿಬಿಟ್ಟರು. ಹಮಾಲಿ ದಬ್ಬಳದಲ್ಲಿ ಚಕಚಕ ಹೊಲಿದ. ಪ್ರತಿ ಹೊಲಿಗೆಗೂ ರಾಯರು "ಮೆಲ್ಲಗಪ್ಪಾ, ಪೇಂಟು!" ಅನ್ನುತ್ತಿದ್ದರು, ಕೂಸಿಗೆ ಕಿವಿ ಚುಚ್ಚಿಸುವ ಅಜ್ಜಿಯಂತೆ. ಕೊನೆಗೆ ಅದು ಲಗೇಜ್ ವ್ಯಾನಿನಲ್ಲಿ ವೀಳ್ಯದೆಲೆಯ ಬುಟ್ಟಿಗಳ ಪಕ್ಕ ನಿಂತಾಗ ಯಾರದೋ ಹಳೇ ಮಂಚದಂತೆ ಕಾಣುತ್ತಿತ್ತು. ರಸೀದಿಯಲ್ಲೂ ಅಷ್ಟೇ: ಸೈಕಲ್, 1.

ರಾತ್ರಿಯೆಲ್ಲ ಫೋನು. ರೈಲು ನಿಂತಲ್ಲೆಲ್ಲ ಇಳಿದು ವ್ಯಾನಿನವರೆಗೆ ಓಡಿ, ಬಾಗಿಲು ಮುಟ್ಟಿ, ವಾಪಸು ಓಡಿ ಬರುತ್ತಿದ್ದರಂತೆ. ಮಂಗಳೂರಿನವರೆಗೆ ತುಳಿಯುವ ಶ್ರಮದಲ್ಲಿ ಕಾಲು ಭಾಗ ಅಲ್ಲೇ ಮುಗಿದಿರಬೇಕು. ಸಕಲೇಶಪುರ ದಾಟಿದ ಮೇಲೆ ಘಾಟಿಯಲ್ಲಿ 57 ಸುರಂಗ. ಅಲ್ಲಿ ಸಿಗ್ನಲ್ ಸಿಗದಿದ್ದುದರಿಂದ ನನಗೆ ಒಂದಿಷ್ಟು ನಿದ್ದೆ ಬಂತು.

ಬೆಳಗ್ಗೆ ಕಾರವಾರದಿಂದ ಕರೆ.

"ಒಂದು ಗೀರೂ ಇಲ್ಲ ಸ್ವಾಮೀ! ಗೋಣಿ ಬಿಚ್ಚಿದೆ, ಚೀಲ ಏರಿಸಿದೆ, ಗಾಳಿ ನೋಡಿದೆ." ಆಮೇಲೆ ದನಿ ತಗ್ಗಿತು. "ಅಂದಹಾಗೆ, ನಿಮ್ಮ ಆ ಜುಬ್ಬಾ..."

ಗೂಟಕ್ಕೆ ಹಾಕಿದ್ದ ಜುಬ್ಬಾವನ್ನು ತಡವಿ ನೋಡಿದೆ. ಎಡದ್ದು ಎಡ ಜೇಬಿನಲ್ಲಿ, ಬಲದ್ದು ಬಲ ಜೇಬಿನಲ್ಲಿ, ಒಂದಿಷ್ಟೂ ಅದಲುಬದಲಾಗದೆ ಭದ್ರವಾಗಿದ್ದವು.