ಡೇರಿ ಮುಂದೆ ಅಮೆರಿಕ

ಅಮೆರಿಕದಲ್ಲಿ ರಾತ್ರಿ ಒಂಬತ್ತಕ್ಕೆ ಶುರುವಾಗುವ ಉಪಾಧ್ಯಕ್ಷ ಅಭ್ಯರ್ಥಿಗಳ ಚರ್ಚೆ ಮಳವಳ್ಳಿ ತಾಲ್ಲೂಕಿನ ಬಂಡೂರಿಗೆ ಬೆಳಗ್ಗೆ ಆರೂವರೆಗೆ ತಲುಪುತ್ತದೆ. ಡೇರಿಗೆ ಹಾಲು ಹಾಕುವ ಹೊತ್ತೂ ಅದೇ. ಕ್ಯಾನು ಹಿಡಿದು ಸಾಲಿನಲ್ಲಿ ನಿಂತ ಪ್ರೇಕ್ಷಕರು ತಯಾರಿದ್ದಾರೆ, ಬೇಕಾದವನು ವ್ಯಾಖ್ಯಾನಕಾರ. ಮಂಡ್ಯ ಜಿಲ್ಲೆಯಲ್ಲಿ ನೀರಿಗೆ ಬರ ಬಂದೀತು, ವ್ಯಾಖ್ಯಾನಕಾರರಿಗೆ ಬಂದದ್ದಿಲ್ಲ. ಊರಿಗೊಬ್ಬ ಯಜಮಾನರು ಇದ್ದೇ ಇರುತ್ತಾರೆ: ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಮಗ ಬಿಟ್ಟುಕೊಟ್ಟ ಹಳೇ ಫೋನು.

ಯಜಮಾನರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಅದೊಂದು ಕೊರತೆಯೆಂದು ಅವರಿಗೆ ಅನ್ನಿಸಿಲ್ಲ. ‘ಮಾತ್ ಕೇಳುದ್ರೆ ಮೋಸ ಹೋಯ್ತೀವಿ ಕಲಾ, ಮೂತಿ ನೋಡ್ಬೇಕು.’

2020ರ ಅಕ್ಟೋಬರ್ 8ರ ಬೆಳಗ್ಗೆ ಫೋನಿನಲ್ಲಿ ಕಮಲಾ ಹ್ಯಾರಿಸ್, ಮೈಕ್ ಪೆನ್ಸ್. ಇಬ್ಬರ ನಡುವೆ ಕೊರೊನಾದ ಕಾಲದ ಗಾಜಿನಂಥ ಅಡ್ಡಗೋಡೆ. ಚರ್ಚೆ ಕೊರೊನಾ ಕುರಿತೇ ಶುರುವಾಯಿತು. ಯಜಮಾನರ ಪ್ರಶ್ನೆ ಬೇರೆ: ಆಯಮ್ಮ ಯಾವ ಊರಿನ ಕಡೆಯೋಳು? ತಾಯಿ ಶ್ಯಾಮಲಾ ತಮಿಳುನಾಡಿನವರು, ತಾತನ ಊರು ತುಳಸೇಂದ್ರಪುರಂ ಇರುವುದು ತಿರುವಾರೂರು ಜಿಲ್ಲೆಯಲ್ಲಿ, ಅಂದರೆ ಕಾವೇರಿ ಸಮುದ್ರ ಸೇರುವ ಕಡೆಯ ಗದ್ದೆ ಬಯಲಿನಲ್ಲಿ ಎಂದು ಹುಡುಗನೊಬ್ಬ ಓದಿ ಹೇಳಿದ.

‘ಕೆಟ್ಟೋ! ಇನ್ಮೇಲೆ ಕೆಆರ್‌ಎಸ್ ಗೇಟು ವಾಷಿಂಗ್ಟನ್ನಿಂದ ತಗೀತಾರೆ.’

2018ರಲ್ಲಿ ಸುಪ್ರೀಂ ಕೋರ್ಟು ತಮಿಳುನಾಡಿಗೆ 177.25 ಟಿಎಂಸಿ ಎಂದು ಗೆರೆ ಎಳೆದದ್ದು ಈ ಯಜಮಾನರಿಗೆ ಮೊಮ್ಮಕ್ಕಳ ಹೆಸರಿಗಿಂತ ಚೆನ್ನಾಗಿ ಬಾಯಿಗೆ ಬರುತ್ತದೆ. ತಂದೆ ಜಮೈಕಾದವರು ಎಂದು ಹುಡುಗ ಸಮಾಧಾನ ಹೇಳಲು ನೋಡಿದ. ‘ಜಮೈಕಾಕ್ಕೆ ಕಾವೇರಿ ಹೋಯ್ತದಾ? ಇಲ್ವಲ್ಲ, ಆ ಲೆಕ್ಕ ಬುಡು.’

ಅಷ್ಟರಲ್ಲಿ ಪೆನ್ಸ್ ತಲೆಯ ಮೇಲೆ ನೊಣ ಬಂದು ಕೂತಿತು, ಸುಮಾರು ಎರಡು ನಿಮಿಷ ಕದಲಲಿಲ್ಲ. ಜಗತ್ತೆಲ್ಲ ನಕ್ಕಿತು. ಯಜಮಾನರು ನಗಲಿಲ್ಲ. ಬಂಡೂರು ಕುರಿಯನ್ನು ಹಿಂದಿನಿಂದ ನೋಡಿ, ಬೆನ್ನ ಮೇಲೆ ಕೈಯಾಡಿಸಿ ಬೆಲೆ ಕಟ್ಟುವ ಊರಿನವರು ಅವರು. ‘ನೊಣ ಕೂತ್ರೂ ಕಿವಿ ಆಡಿಸ್ದೆ ಇರೋ ಕುರೀನ ಹಟ್ಟಿಗೆ ಹೊಡ್ಕಬ್ಯಾಡಿ, ಒಳಗೆ ಏನೋ ಕಾಯ್ಲೆ ಅದೆ’ ಎಂದು ತೀರ್ಪು ಕೊಟ್ಟು ಹಾಲು ಸುರಿದರು. ಮುಂದಿನ ತಿಂಗಳು ಪೆನ್ಸ್ ಸೋತರು.

ನಗುವ ಮುನ್ನ ಒಂದು ಮಾತು. 1988ರ ಚರ್ಚೆಯಲ್ಲಿ ಲಾಯ್ಡ್ ಬೆಂಟ್ಸನ್, ‘ನೀವು ಕೆನಡಿಯಲ್ಲ’ ಎಂದು ಡ್ಯಾನ್ ಕ್ವೇಲ್ ಬಾಯಿ ಮುಚ್ಚಿಸಿ ಚಪ್ಪಾಳೆ ಗಿಟ್ಟಿಸಿದರು; ಉಪಾಧ್ಯಕ್ಷರಾದದ್ದು ಕ್ವೇಲ್. ಮಾತು ಕೇಳಿ ಬರೆದ ಪಂಡಿತರೂ ಮೂತಿ ನೋಡಿದವರಿಗಿಂತ ಬಹಳ ಮುಂದೇನಿರಲಿಲ್ಲ.

ಮನೆ ಬಾಗಿಲ ಚುನಾವಣೆಯಲ್ಲಿ ಮಾತ್ರ ಯಜಮಾನರು ಮೂತಿ ಬಿಟ್ಟು ಗಣಿತ ಹಿಡಿಯುತ್ತಾರೆ. 2019ರಲ್ಲಿ ಮಂಡ್ಯ ಲೋಕಸಭಾ ಕ್ಷೇತ್ರದ ಎಂಟಕ್ಕೆ ಎಂಟೂ ವಿಧಾನಸಭಾ ಸ್ಥಾನ ಜೆಡಿಎಸ್ ಕೈಯಲ್ಲಿದ್ದವು, ಜೊತೆಗೆ ಕಾಂಗ್ರೆಸ್ ಮೈತ್ರಿ ಬೇರೆ. ಕೂಡಿ ಕಳೆದು ಮೈತ್ರಿಯ ಅಭ್ಯರ್ಥಿ ನಿಖಿಲ್ ಗೆದ್ದರೆಂದು ಮತದಾನಕ್ಕೆ ಮೊದಲೇ ಘೋಷಿಸಿಬಿಟ್ಟರು. ಪಕ್ಷೇತರರಾದ ಸುಮಲತಾ 1,25,876 ಮತಗಳಿಂದ ಗೆದ್ದರು. ಯಜಮಾನರೇನೂ ಕಂಗೆಡಲಿಲ್ಲ: ‘ಲೆಕ್ಕ ಸರಿಯಾಗೇ ಇತ್ತು, ಜನ ತಪ್ ಮಾಡುದ್ರು.’

2023ರ ಸೆಪ್ಟೆಂಬರಿನಲ್ಲಿ ಮಳೆ ಕೈಕೊಟ್ಟು, ತಮಿಳುನಾಡಿಗೆ 5,000 ಕ್ಯುಸೆಕ್ ಬಿಡಬೇಕೆಂಬ ಆದೇಶ ಬಂದು ಮಂಡ್ಯ ಬಂದ್ ಆದಾಗ ಅವರ ಮುಖದಲ್ಲಿ ದುಃಖದ ಜೊತೆ ಒಂದು ಗೆಲುವೂ ಇತ್ತು. ‘ಆಯಮ್ಮನೇ ಫೋನ್ ಮಾಡವ್ಳೆ. ಆವತ್ತೇ ನಾನು ಹೇಳ್ನಿಲ್ವಾ?’

2024ರ ಅಕ್ಟೋಬರ್ 2ರ ಚರ್ಚೆ ಅವರಿಗೆ ರುಚಿಸಲೇ ಇಲ್ಲ. ಜೆ.ಡಿ. ವ್ಯಾನ್ಸ್ ಹೆಂಡತಿ ಉಷಾ ಅವರ ಮೂಲ ಆಂಧ್ರದ ಗೋದಾವರಿ ಸೀಮೆ. ಅದು ನಮ್ಮ ಹೊಳೆಯಲ್ಲ, ಆ ತಲೆನೋವು ನಮಗಿಲ್ಲ. ವ್ಯಾನ್ಸ್, ಟಿಮ್ ವಾಲ್ಜ್ ಇಬ್ಬರೂ ಆಗಾಗ ಒಬ್ಬರ ಮಾತಿಗೊಬ್ಬರು ಹೌದೆನ್ನುತ್ತಿದ್ದರು. ‘ಇದೇನ್ ಎಲೆಕ್ಷನ್ನಾ, ಬೀಗರೂಟವಾ?’ ಎಂದು ಗೊಣಗುತ್ತ ಮನೆಗೆ ಬಂದರೆ ಅಲ್ಲಿ ಬೇರೆಯೇ ಚರ್ಚೆ ಕಾದಿತ್ತು. ಆವತ್ತು ಮಹಾಲಯ ಅಮಾವಾಸ್ಯೆ. ಗಾಂಧಿ ಜಯಂತಿಯೂ ಅದೇ ದಿನ ಬಿದ್ದು ಪೇಟೆಯ ಮಾಂಸದಂಗಡಿಗಳಿಗೆ ಬೀಗ. ಹಿಂದಿನ ದಿನವೇ ತಂದಿಡಬೇಕಿದ್ದ ಬಾಡನ್ನು ಯಜಮಾನರು ಮರೆತಿದ್ದರು.

‘ನಿಮ್ಮಪ್ಪಂಗೆ ಎಡೆಗೆ ಏನ್ ಇಕ್ಲಿ?’ ಎಂದರು ಯಜಮಾನಿತಿ. ‘ಆ ಇಬ್ರು ಮಾತಾಡಿದ್ನ ಇಕ್ಲಾ?’