ನಮ್ಮ ಮನೆಯವರ ಸ್ವಇಚ್ಛೆ: ಒಂದು ಚಾರಣ ಕಂಪನಿಗೆ ಬಹಿರಂಗ ಪತ್ರ

ಮಿರಜ್
ಸೋಮವಾರ, ಮಧ್ಯಾಹ್ನ ಮೂರೂವರೆ

ಹಿಮಾಲಯ ತೋರಿಸುವ ಕಂಪನಿಯ ದೊಡ್ಡವರಿಗೆ,

ಈಗಷ್ಟೇ ದವಾಖಾನೆಯಿಂದ ಬಂದೆ. ಇನ್ನೂ ಊಟ ಆಗಿಲ್ಲ. ಪತ್ರದಲ್ಲಿ ಎಲ್ಲಾದರೂ ಖಾರ ಹೆಚ್ಚಾಗಿ ಕಂಡರೆ ಅರ್ಧ ಹಸಿವಿನದು, ಅರ್ಧ ನಿಮ್ಮದು.

ಬೆಳಿಗ್ಗೆ ಹತ್ತೂವರೆಗೆ ಹೋದವಳಿಗೆ 43ನೇ ಟೋಕನ್ ಸಿಕ್ಕಿತು. ಒಳಗೆ ಕರೆದದ್ದು ಎರಡೂಮುಕ್ಕಾಲಿಗೆ. ಡಾಕ್ಟರು ಬೆರಳಿಗೆ ಕ್ಲಿಪ್ಪು ಸಿಕ್ಕಿಸಿ ಆಕ್ಸಿಜನ್ ನೋಡಿದರು, 98. ಬಿಪಿ ನೋಡಿದರು. ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು ಉಸಿರು ಎಳೆಸಿದರು, ಬಿಡಿಸಿದರು. "ಏನು ತ್ರಾಸು ನಿಮಗೆ?" ಅಂದರು. "ಈಗ ಏನೂ ಇಲ್ಲ ಡಾಕ್ಟರ್. ಡಿಸೆಂಬರ್ 27ರ ರಾತ್ರಿ ಇತ್ತು, ಉತ್ತರಾಖಂಡದಲ್ಲಿ" ಅಂದೆ. ಅವರು ಪೆನ್ನಿಗೆ ಮುಚ್ಚಳ ಹಾಕಿಬಿಟ್ಟರು.

ನಿಮಗೆ ಬೇಕಾದ ಕಾಗದ ಎಂಥದ್ದು ಅಂತ ನಿಮಗೇ ನೆನಪು ಮಾಡಿಕೊಡುತ್ತೇನೆ, ಯಾಕೆಂದರೆ ನಿಮ್ಮಲ್ಲಿ ಫೋನ್ ಎತ್ತುವ ಹುಡುಗ ಪ್ರತಿ ಸಲ ಬೇರೆಯವನಿರುತ್ತಾನೆ. ಡಿಸೆಂಬರ್ 27ರಂದು ಕೇದಾರಕಂಠದ ಬೇಸ್ ಕ್ಯಾಂಪಿನಲ್ಲಿ ನನಗೆ ಎತ್ತರದ ಕಾಯಿಲೆ ಆಗಿತ್ತು ಅಂತ ಎಂಬಿಬಿಎಸ್ ಆದ ಡಾಕ್ಟರು ಬರೆದು, ನೋಂದಣಿ ಸಂಖ್ಯೆ ಹಾಕಿ, ಶಿಕ್ಕಾ ಹೊಡೆದು ಕೊಡಬೇಕು. ಪರೀಕ್ಷಿಸಿದ ತಾರೀಖು ಅದೇ ದಿನದ್ದಿರಬೇಕು. ಅಂದರೆ ಆ ರಾತ್ರಿ ನಿಮ್ಮ ಗುಡಾರಗಳ ನಡುವೆ ಹಿಮದ ಮೇಲೆ ಒಬ್ಬ ಡಾಕ್ಟರು ಮೇಜು ಕುರ್ಚಿ ಹಾಕಿಕೊಂಡು ಕುಂತಿರಬೇಕಿತ್ತು. ಇರಲಿಲ್ಲ. ಅಡುಗೆಯವನು ಇದ್ದ. ಅವನ ಶಿಕ್ಕಾ ನಡೆಯುತ್ತದೆಯೇ?

ಮಿರಜಿನಲ್ಲಿ ಡಾಕ್ಟರು ಸಿಗಲಿಲ್ಲ ಅಂದರೆ ಮಹಾಬಳೇಶ್ವರದಲ್ಲಿ ಮಳೆ ಸಿಗಲಿಲ್ಲ ಅಂದಂತೆ. 1894ರಲ್ಲಿ ವಿಲಿಯಂ ವಾನ್ಲೆಸ್ ಎಂಬ ಮಿಷನರಿ ಡಾಕ್ಟರು ಇಲ್ಲೊಂದು ಆಸ್ಪತ್ರೆ ತೆರೆದ ಮೇಲೆ ಊರಿಗೆ ಊರೇ ದವಾಖಾನೆಯಾಗಿದೆ. ಅಥಣಿ, ರಾಯಬಾಗ, ಚಿಕ್ಕೋಡಿ, ವಿಜಯಪುರದ ಕಡೆಯಿಂದ ಜನ ಬುತ್ತಿ ಕಟ್ಟಿಕೊಂಡು ಇಲ್ಲಿಗೇ ಬರುತ್ತಾರೆ. ಸ್ಟೇಷನ್ನಿನ ಆಟೋದವನಿಗೆ ಎಲ್ಲಿ ನೋವು ಅಂತ ತೋರಿಸಿದರೆ ಸಾಕು, ಸರಿಯಾದ ಡಾಕ್ಟರ ಬಾಗಿಲಿಗೆ ಬಿಡುತ್ತಾನೆ. ಇಂಥ ಊರಿನಲ್ಲಿ ನಾಲ್ಕು ದಿನದಿಂದ ತಿರುಗುತ್ತಿದ್ದೇನೆ. ಸಂಕ್ರಾಂತಿಯ ಎಳ್ಳುಬೆಲ್ಲವನ್ನೂ ಈ ಸಲ ದವಾಖಾನೆಗಳಲ್ಲೇ ಹಂಚಿದೆ.

ಮೊದಲು ಹೋದದ್ದು ನಮ್ಮ ಮನೆ ಡಾಕ್ಟರ ಹತ್ತಿರ. ಹೊರಡುವ ಮುಂಚೆ ನಿಮ್ಮ ಎರಡು ಪುಟದ ಫಾರ್ಮಿಗೆ ಸಹಿ ಮಾಡಿದವರು ಅವರೇ. "ಡಿಸೆಂಬರದಾಗ ನಾನ ಫಿಟ್ ಅಂತ ಬರದೀನಿ. ಈಗ ನಾನ ಅನ್‌ಫಿಟ್ ಅಂತ ಹೆಂಗ ಬರೀಲಿ ಅಕ್ಕಾರ? ನನ್ನ ಶಿಕ್ಕಾಕ್ಕ ಏನ್ ಕಿಮ್ಮತ್ತು ಉಳೀತು?" ಅಂದರು. ನ್ಯಾಯವಾದ ಮಾತು. ಎರಡನೆಯವರು ನಕ್ಕರು. ಮೂರನೆಯವರು ಇಸಿಜಿ ತೆಗೆಸಿದರು.

ಇವತ್ತು ಪಕ್ಕದ ಕುರ್ಚಿಯಲ್ಲಿ ಅಥಣಿ ಕಡೆಯ ಒಬ್ಬ ಅಜ್ಜಿ ಕುಂತಿದ್ದಳು, ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು.

"ನಿಮಗೇನಾಗೇತ್ರೀ ಅಕ್ಕಾರ?"

"ಏನೂ ಆಗಿಲ್ಲ ಆಯಿ."

"ಮತ್ತ್ಯಾಕ ಬಂದೀರಿ?"

"ಆಗಿತ್ತು ಅಂತ ಬರೆಸಿಕೊಳ್ಳಾಕ."

ಪೂರ್ತಿ ಕಥೆ ಹೇಳಿದೆ. ಹೊತ್ತು ಹೋಗಬೇಕಲ್ಲ. ಅಜ್ಜಿ ಎಲ್ಲ ಕೇಳಿ ಒಂದೇ ಮಾತು ಅಂದಳು: "ಅಲ್ಲಬೇ, ಎಲ್ಲವ್ವನ ಗುಡ್ಡಾ ನಾವು ಪುಕಟ ಹತ್ತತೀವಿ." ಅಷ್ಟರಲ್ಲಿ ಅವಳ ನಂಬರ್ ಬಂತು. ಬರದಿದ್ದರೆ ಇನ್ನೂ ಏನೇನು ಅನ್ನುತ್ತಿದ್ದಳೋ.

ನಿಮ್ಮ ಮೇಲೆ ನನ್ನ ದೂರು ಮೊದಲು ಬಹಳ ಇದ್ದವು. ಇಬ್ಬರ ಗುಡಾರ ಅಂದಿರಿ, ಮೂರನೆಯವಳಾಗಿ ಪುಣೆಯ ಒಬ್ಬ ಹುಡುಗಿಯನ್ನು ತಂದು ಮಲಗಿಸಿದಿರಿ. ಪಾಪ, ಅವಳು ನಾಚಿಕೊಂಡು ರಾತ್ರಿಯಿಡೀ ಗೋಡೆಗೆ ಮುಖ ಮಾಡಿದ್ದಳು, ಗುಡಾರಕ್ಕೆ ಗೋಡೆ ಇದ್ದಿದ್ದರೆ. ಬಾಡಿಗೆಗೆ ಕೊಟ್ಟ ಬೂಟು ಎರಡೂ ಎಡಗಾಲಿನವಾಗಿದ್ದವು, ಬದಲಿಸಿ ಕೊಟ್ಟಿರಿ. ಹತ್ತು ಜನಕ್ಕೆ ಒಬ್ಬ ಗೈಡ್ ಅಂತ ಪತ್ರಿಕೆಯಲ್ಲಿ ಅಚ್ಚು ಹಾಕಿಸಿ 24 ಜನರ ಮುಂದೆ ಒಬ್ಬನನ್ನು ನಿಲ್ಲಿಸಿದಿರಿ. ಇವೆಲ್ಲ ಬರೆದಿಟ್ಟುಕೊಂಡಿದ್ದೆ. ಮೊನ್ನೆ ನಿಮ್ಮ ಮಿಂಚಂಚೆ ಬಂತು ನೋಡಿ, ಉಳಿದದ್ದೆಲ್ಲ ಅದರ ಮುಂದೆ ಸಪ್ಪೆಯಾಯಿತು.

ಅದರಲ್ಲಿ ನನ್ನ ಹೆಸರಿನ ಮುಂದೆ "ಅನಾರೋಗ್ಯ, ದಾಖಲೆ ಬಾಕಿ" ಅಂತ ಇದೆ. ದಾಖಲೆ ಕೊಟ್ಟರೆ ಒಂದು ವರ್ಷದೊಳಗೆ ಮತ್ತೆ ನಿಮ್ಮ ಜೊತೆಗೇ ಬರಲು ಅರ್ಧ ಬೆಲೆಯ ಕೂಪನ್ನು. ನಮ್ಮ ಮನೆಯವರ ಹೆಸರಿನ ಮುಂದೆ "ಸ್ವಇಚ್ಛೆಯಿಂದ ಚಾರಣ ತ್ಯಾಗ" ಅಂತ ಇದೆ. ಅವರಿಗೆ ಏನೂ ಇಲ್ಲ.

ಸ್ವಇಚ್ಛೆ!

ನಮ್ಮ ಮದುವೆಯಾಗಿ 26 ವರ್ಷ. ಅವರ ಮದುವೆ ಗೊತ್ತು ಮಾಡಿದವಳು ಅವರ ಅಕ್ಕ. ಸಾಂಗ್ಲಿ ಮಾರ್ಕೆಟ್ ಯಾರ್ಡಿನ ಅರಿಷಿಣದ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಹಚ್ಚಿದವರು ಅವರ ಅಪ್ಪ. ಬದನೆಕಾಯಿ ತರಲು ಹೋದರೆ ಸಂತೆಯಿಂದ ಫೋನ್ ಮಾಡಿ "ಹಸರೋ ನೇರಳೆಯೋ" ಅಂತ ಕೇಳುತ್ತಾರೆ. ಚಾರಣಕ್ಕೂ ನಾನೇ ಎಳೆದುಕೊಂಡು ಹೋದದ್ದು. ಜತ್ತ ಕಡೆಯ ಕನ್ನಡ ಶಾಲೆಯಲ್ಲಿ 22 ವರ್ಷ ಗಣಿತ, ಜೊತೆಗೆ ಭೂಗೋಳ ಹೇಳಿದ್ದೇನೆ. ಹಿಮಾಲಯದ ಪಾಠ ಬಂದಾಗೆಲ್ಲ ನಕಾಶೆ ತೋರಿಸಿ ಬೆರಳು ಸವೆಯಿತು, ಒಮ್ಮೆ ಕಾಲೂ ಸವೆಯಲಿ ಅಂದುಕೊಂಡೆ. ಇಂಥ ನಮ್ಮ ಮನೆಯವರು ಜೀವನದಲ್ಲಿ ಒಂದೇ ಒಂದು ಸಲ ಸ್ವಇಚ್ಛೆಯಿಂದ ಏನೋ ಮಾಡಿದ್ದಾರೆ ಅಂತ ನೀವು ಕಂಡುಹಿಡಿದಿದ್ದೀರಿ. 26 ವರ್ಷದಲ್ಲಿ ನನ್ನ ಕಣ್ಣಿಗೆ ಬೀಳದ್ದು ಬಿತ್ತಲ್ಲ ನಿಮ್ಮ ಕಣ್ಣಿಗೆ. ಅಭಿನಂದನೆಗಳು.

ಆ ರಾತ್ರಿ ಏನಾಯಿತು ಅಂತ ನಿಮ್ಮ ಆಫೀಸಿನಲ್ಲಿ ಯಾರೂ ಕೇಳಿಲ್ಲ. ಬಹಿರಂಗವಾಗಿಯೇ ಹೇಳುತ್ತೇನೆ.

ನಾವು ತಯಾರಿ ಇಲ್ಲದೆ ಹೋದವರಲ್ಲ. ಎರಡು ತಿಂಗಳು ಬೆಳಿಗ್ಗೆ ಐದಕ್ಕೆದ್ದು ಮಿರಜಿನ ಕೃಷ್ಣಾ ಘಾಟಿನ ತನಕ ನಡೆದೆವು. ಭಾನುವಾರ ದಂಡೋಬಾ ಗುಡ್ಡ ಹತ್ತಿ ಇಳಿದೆವು. ಅತ್ತೆಯವರಿಗೆ ಮನಸ್ಸಿರಲಿಲ್ಲ. 2024ರ ಜೂನಿನಲ್ಲಿ, ಲೋಕಸಭೆ ಫಲಿತಾಂಶದ ಗದ್ದಲದ ನಡುವೆ, ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಕರ್ನಾಟಕದಿಂದ ಹೋಗಿದ್ದ ತಂಡದಲ್ಲಿ 9 ಮಂದಿ ಹಿಮಗಾಳಿಗೆ ಸಿಕ್ಕಿ ತೀರಿಕೊಂಡ ಸುದ್ದಿಯನ್ನು ಅವರು ಟಿವಿ ಮುಂದಿನಿಂದ ಏಳದೆ ನೋಡಿದ್ದರು. "ಅವರೇನು ಹುಚ್ಚರಿದ್ದರೇನು? ತಿಳಿದವರೇ ಹೋಗಿದ್ದರು" ಅಂದರು. ಗೈಡ್ ಇರುತ್ತಾನೆ, ಕಂಪನಿ ಇರುತ್ತದೆ ಅಂತ ಸಮಾಧಾನ ಹೇಳಿದವಳು ನಾನೇ. ಗೋವಾ ಎಕ್ಸ್‌ಪ್ರೆಸ್ಸಿನಲ್ಲಿ ದಿಲ್ಲಿ, ಅಲ್ಲಿಂದ ಡೆಹ್ರಾಡೂನ್, ಅಲ್ಲಿಂದ ಪುರೋಲಾ, ಮೋರಿ ದಾಟಿ ಇಡೀ ದಿನ ಜೀಪಿನಲ್ಲಿ ತಿರುವು ತಿರುಗಿ ಸಾಂಕ್ರಿ.

ನಾನು ಗಣಿತದ ಟೀಚರು, ಒಂದು ಲೆಕ್ಕ ಮಾಡಿ ತೋರಿಸುತ್ತೇನೆ. ನಮ್ಮ ಮಿರಜು ಸಮುದ್ರಮಟ್ಟದಿಂದ ಸುಮಾರು 550 ಮೀಟರ್. ಸಾಂಕ್ರಿ ಸುಮಾರು 1,950. ಮರುದಿನ ಮಲಗಿಸಿದ್ದು ಜುಡಾ ಕಾ ತಾಲಾಬ್ ಎಂಬ ಹೆಪ್ಪುಗಟ್ಟಿದ ಕೆರೆಯ ಹತ್ತಿರ, 2,770ರಲ್ಲಿ. ಅದರ ಮರುದಿನ ಬೇಸ್ ಕ್ಯಾಂಪು, 3,430. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ನಡುನಡುವೆ ಒಂದು ದಿನ ಸುಮ್ಮನೆ ಕೂರಬೇಕು ಅಂತ ಪರ್ವತದ ವೈದ್ಯರು ಹೇಳುತ್ತಾರೆ. ನೀವು ಒಂದೇ ದಿನಕ್ಕೆ ಏರಿಸಿದ್ದು 660. ಸುಮ್ಮನೆ ಕೂರುವ ದಿನ ಎಲ್ಲಿ ಹೋಯಿತು? ಊಟ, ಗುಡಾರದ ಖರ್ಚು ಉಳಿಯಿತು. ಐದನೇ ಇಯತ್ತೆಯ ಹುಡುಗ ಬಿಡಿಸುವ ಲೆಕ್ಕ ಇದು.

ಬೇಸ್ ಕ್ಯಾಂಪಿನ ಗಾಳಿಯಲ್ಲಿ ಸಿಗುವ ಪ್ರಾಣವಾಯು ಸಮುದ್ರದಂಡೆಗೆ ಹೋಲಿಸಿದರೆ ಮೂರರಲ್ಲಿ ಎರಡು ಪಾಲು ಮಾತ್ರ. ಸಂಜೆ ತಲೆ ಸಿಡಿಯತೊಡಗಿತು. ತಾಸಗಾಂವದ ಬೇದಾಣೆ, ಅಂದರೆ ಒಣದ್ರಾಕ್ಷಿ, ನಾಲ್ಕು ಬಾಯಿಗೆ ಹಾಕಿಕೊಂಡೆ, ಅವೂ ನಿಲ್ಲಲಿಲ್ಲ, ವಾಂತಿಯಾಯಿತು. ರಾತ್ರಿ ಒಂಬತ್ತಕ್ಕೆ ಗೈಡ್ ಬಂದು ಬೆರಳಿಗೆ ಕ್ಲಿಪ್ಪು ಹಾಕಿದ. 74. ಕ್ಲಿಪ್ಪು ಒರೆಸಿ, ನನ್ನ ಬೆರಳನ್ನು ತನ್ನ ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿ ಮತ್ತೆ ಹಾಕಿದ. 73. ಆ ಹುಡುಗನಿಗೆ ಇಪ್ಪತ್ತೈದು ಇದ್ದರೆ ಹೆಚ್ಚು.

ನಮ್ಮ ಕಡೆ ಹಗೇವು ಅಂತ ಇರುತ್ತವೆ, ಕಾಳು ತುಂಬಿಡುವ ನೆಲದೊಳಗಿನ ಕುಣಿ. ಸಾಂಗ್ಲಿ ಮಗ್ಗಲಿನ ಹರಿಪುರದಲ್ಲಿ ಅರಿಷಿಣವನ್ನೂ ಹಾಗೇ ನೆಲದೊಳಗೆ ಇಡುತ್ತಿದ್ದರು. ಹಗೇವಿನ ಬಾಯಿ ತೆಗೆದ ಕೂಡಲೇ ಯಾರೂ ಒಳಗೆ ಇಳಿಯುವುದಿಲ್ಲ. ಮೊದಲು ಹಗ್ಗಕ್ಕೆ ಕಟ್ಟಿ ದೀಪ ಇಳಿಬಿಡುತ್ತಾರೆ. ದೀಪ ಆರಿತೋ, ಮನುಷ್ಯ ಇಳಿಯುವುದಿಲ್ಲ. ಮಾಲೀಕ ಎಷ್ಟೇ ಅವಸರ ಮಾಡಲಿ, ಗಿರಾಕಿ ಗಾಡಿ ಹೂಡಿಕೊಂಡು ನಿಂತಿರಲಿ, ಇಳಿಯುವುದಿಲ್ಲ. ಆ ಹುಡುಗ ಕ್ಲಿಪ್ಪು ನೋಡಿದ ರೀತಿ ಹಾಗಿತ್ತು. ವಾಕಿಟಾಕಿಯಲ್ಲಿ ನಿಮ್ಮವರು "ಬೆಳಗಿನ ತನಕ ನೋಡೋಣ, ಮಾತ್ರೆ ಕೊಡು, ನೀರು ಕುಡಿಸು" ಅಂದದ್ದು ನನಗೂ ಕೇಳಿಸಿತು. ಅವನು ಅದನ್ನು ಜೇಬಿಗೆ ಹಾಕಿಕೊಂಡು "ಮೇಡಂ, ಅಭೀ ನೀಚೆ" ಅಂದ.

ಈಗ ಬರುತ್ತದೆ ನೋಡಿ ಸ್ವಇಚ್ಛೆ. ಗೈಡ್ ನನ್ನ ಜೊತೆ ಇಳಿದರೆ ಉಳಿದ 23 ಜನ ಅನಾಥರು. ಅವನ ಕೈಕೆಳಗಿನ ಹತ್ತೊಂಬತ್ತರ ಹುಡುಗನೊಬ್ಬನನ್ನೇ ಕಳಿಸಿದರೆ, ನಾನು ನಡುದಾರಿಯಲ್ಲಿ ಕುಸಿದರೆ ಎತ್ತಲು ಇನ್ನೊಂದು ಹೆಗಲಿಲ್ಲ. ಗೈಡ್ ನಮ್ಮ ಮನೆಯವರ ಮುಖ ನೋಡಿದ. ಅವರು ಆಗಲೇ ಕೂತು ಬೂಟು ಕಟ್ಟುತ್ತಿದ್ದರು. ನನ್ನನ್ನು ಕೇಳಲೂ ಇಲ್ಲ. ಎಡಗಾಲಿಗೆ ಕಟ್ಟಿ, ಬಲಗಾಲಿಗೆ ಕಟ್ಟಿ, ನನ್ನ ಟೊಪ್ಪಿಗೆಯನ್ನು ಕಿವಿ ಮುಚ್ಚುವಂತೆ ಎಳೆದರು. ಎರಡೂವರೆ ತಾಸು ಹಿಮದಲ್ಲಿ ಇಳಿದೆವು, ಮುಂದೆ ಆ ಹುಡುಗನ ತಲೆದೀಪ, ನಡುವೆ ನಾನು, ಹಿಂದೆ ಅವರು ನನ್ನ ಜಾಕೀಟಿನ ಬೆನ್ನು ಹಿಡಿದುಕೊಂಡು, ಬಾಜಾರದಲ್ಲಿ ಮಗು ತಪ್ಪಿಸಿಕೊಂಡೀತು ಅಂತ ಹಿಡಿಯುತ್ತಾರಲ್ಲ, ಹಾಗೆ.

ಕೆರೆಯ ಹತ್ತಿರ ಬಂದಾಗ ತಲೆನೋವು ಅರ್ಧ ಇಳಿದಿತ್ತು. ಸಾಂಕ್ರಿಗೆ ಬಂದಾಗ ಪೂರಾ ಹೋಯಿತು. ಈ ಕಾಯಿಲೆಯ ಗುಣವೇ ಅದು, ಇಳಿದರೆ ಬಿಡುತ್ತದೆ. ಇಳಿಯದಿದ್ದರೆ ಮೆದುಳಿಗೋ ಶ್ವಾಸಕೋಶಕ್ಕೋ ನೀರು ಹಿಡಿಯಬಹುದು. ಅಂದರೆ, ಸ್ವಾಮಿ, ಸರಿಯಾದ ಹೊತ್ತಿಗೆ ಇಳಿದವರ ಹತ್ತಿರ ನಿಮಗೆ ಬೇಕಾದ ಪುರಾವೆ ಯಾವತ್ತೂ ಇರುವುದಿಲ್ಲ. ಪುರಾವೆ ಗಟ್ಟಿಯಾಗಿ ಇರುವುದು ಇಳಿಯದೆ ಉಳಿದವರ ಹತ್ತಿರ. ಅವರ ಪರವಾಗಿ ಡಾಕ್ಟರು ಬೇರೆಯದೇ ಸರ್ಟಿಫಿಕೇಟ್ ಬರೆಯುತ್ತಾರೆ, ಅದಕ್ಕೆ ಶಿಕ್ಕಾ ಕೂಡಲೇ ಸಿಗುತ್ತದೆ. ಆಗ ಕೊಡುತ್ತಿದ್ದಿರೇನು ಕೂಪನ್ನು, ನಮ್ಮ ಮನೆಯವರಿಗೆ?

ಇರಲಿ. ನೀರು ಕುಡಿದು ಬಂದೆ.

ಮರುದಿನ ಬೆಳಿಗ್ಗೆ ಏಳಕ್ಕೆ ನಾನು ಕೆರೆಯ ಹತ್ತಿರ ಶುಂಠಿ ಚಹಾ ಕುಡಿಯುತ್ತಿದ್ದೆ. ಸಾಂಕ್ರಿಗೆ ಇಳಿದ ಮೇಲೆ ಫೋನಿಗೆ ನೆಟ್‌ವರ್ಕ್ ಬಂದಾಗ ನೋಡಿದರೆ, ಸರಿಯಾಗಿ ಏಳಕ್ಕೆ ನೀವು ಕಳಿಸಿದ ಸಂದೇಶ: ಕೇದಾರಕಂಠದ 12,500 ಅಡಿಯ ಶಿಖರ ಮುಟ್ಟಿದ್ದಕ್ಕೆ ಇಬ್ಬರಿಗೂ ಶುಭಾಶಯ, ದಯವಿಟ್ಟು ಐದು ನಕ್ಷತ್ರ ಕೊಡಿ. ಶಿಖರ ಮುಟ್ಟಿದೆವು ಅನ್ನಲು ನಿಮಗೆ ಡಾಕ್ಟರ ಶಿಕ್ಕಾ ಬೇಡವಾಯಿತು, ಮುಟ್ಟಲಿಲ್ಲ ಅನ್ನಲು ಬೇಕು.

ಕೊನೆಯದಾಗಿ ನಿಮ್ಮ ಬಿಲ್ಲು. "ತುರ್ತು ಇಳಿಕೆ, ಇಬ್ಬರಿಗೆ, 3,000 ರೂಪಾಯಿ." ಇಬ್ಬರಿಗೆ ಯಾಕೆ ಅಂತ ಮೊನ್ನೆ ಕೇಳಿದೆ. ಹುಡುಗ ಅಂದ, "ಮ್ಯಾಮ್, ಸರ್ ಕೂಡ ಇಳಿದರಲ್ಲ." ಸ್ವಇಚ್ಛೆಯಿಂದ ಇಳಿದವರದು ತುರ್ತು ಹೇಗಾಯಿತಪ್ಪಾ? ಸ್ವಇಚ್ಛೆಯೋ ತುರ್ತೋ, ಒಂದು ಹಿಡಿ. ನಮ್ಮ ಮನೆಯವರು 30 ವರ್ಷದಿಂದ ಅಡತಿ ಲೆಕ್ಕ ಬರೆಯುತ್ತಿದ್ದಾರೆ. ಒಂದೇ ಚೀಲವನ್ನು ಜಮಾದಲ್ಲೂ ಖರ್ಚಿನಲ್ಲೂ ತೋರಿಸಿದ ವ್ಯಾಪಾರಿಯನ್ನು ಅವರು ಅಂಗಡಿ ಮೆಟ್ಟಿಲು ಹತ್ತಗೊಡುವುದಿಲ್ಲ. ಬಿಲ್ಲು ನೋಡಿ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಏನೂ ಅನ್ನಲಿಲ್ಲ. ಅವರು ಏನೂ ಅನ್ನದಿದ್ದರೆ ಬಹಳ ಸಿಟ್ಟು ಬಂದಿದೆ ಅಂತ ಅರ್ಥ.

ನನ್ನ ಕೂಪನ್ನು ನೀವೇ ಇಟ್ಟುಕೊಳ್ಳಿ. ನನಗೆ ಇನ್ನು ಡಾಕ್ಟರು ಬೇಡ, ಟೋಕನ್ ಬೇಡ. ನಮ್ಮ ಮನೆಯವರ ಹೆಸರಿನ ಮುಂದಿನ ಆ ಒಂದು ಶಬ್ದ ಅಳಿಸಿ, "ಹೆಂಡತಿಯನ್ನು ಇಳಿಸಿಕೊಂಡು ಬಂದರು" ಅಂತ ಬರೆದು ಕಳಿಸಿ. ಇಂಗ್ಲಿಷಿನಲ್ಲಾದರೂ ಸರಿ, ಹಿಂದಿಯಲ್ಲಾದರೂ ಸರಿ. ಚೌಕಟ್ಟು ಹಾಕಿಸಿ ಅತ್ತೆಯವರ ಟಿವಿ ಮೇಲೆ ತೂಗುಹಾಕುವುದಿದೆ.

ಇತಿ,
ದಾಖಲೆ ಬಾಕಿ ಇರುವ ಮೇಡಂ

ತಾ.ಕ.: ಆ ರಾತ್ರಿ ಮುಂದೆ ದೀಪ ಹಿಡಿದು ಇಳಿಸಿದ ಹುಡುಗನಿಗೆ ನಾವು 500 ರೂಪಾಯಿ ಮತ್ತು ಉಳಿದ ಬೇದಾಣೆ ಕೊಟ್ಟೆವು. ಇಳಿಕೆಗೆ ಕಂಪನಿ ಬೇರೆ ದುಡ್ಡು ಕೊಡುತ್ತದೆಯೇ ಅಂತ ಕೇಳಿದ್ದಕ್ಕೆ ನಕ್ಕ. 3,000 ಅವನ ಕೈ ಸೇರಿತು ಅಂತ ಅವನ ಸಹಿಯ ರಸೀದಿ ಕಳಿಸಿದರೆ ನಾವು ಆ ದುಡ್ಡು ಇವತ್ತೇ ಕಟ್ಟಲು ಸಿದ್ಧ. ನಮ್ಮ ಮನೆಯವರೂ ಸಿದ್ಧ. ಅವರನ್ನು ಇನ್ನೂ ಕೇಳಿಲ್ಲ.